ಗುಜರಿ ಫ್ರಿಜ್ಜಿನ ಕಾವು

ಕೆಟ್ಟ ಫ್ರಿಜ್ ಗುಜರಿ ಅಂಗಡಿಗೆ ಬಂದರೆ ಮೊದಲು ಬಿಚ್ಚುವುದು ಕಂಪ್ರೆಸರ್. ಅದರಲ್ಲಿ ತಾಮ್ರ ಇದೆ, ತೂಕ ಇದೆ, ಹಾಗಾಗಿ ದುಡ್ಡೂ ಇದೆ. ಹಿಂದಿನ ಕಪ್ಪು ಜಾಲರಿಯನ್ನೂ ಕಿತ್ತುಕೊಳ್ಳುತ್ತಾರೆ. ಕೊನೆಗೆ ಉಳಿಯುವುದು ಬರೀ ಮೈ. ಹೊರಗೆ ತಗಡು, ಒಳಗೆ ಪ್ಲಾಸ್ಟಿಕ್, ನಡುವೆ ಗಟ್ಟಿ ಫೋಮ್. ಅದನ್ನು ಕೇಳುವವರು ಕಡಿಮೆ. ನಮ್ಮ ನಾಗಮಂಗಲದ ಕಡೆ ಇಂಥವು ಅಂಗಡಿಯ ಹಿಂದೆ ಮಳೆಯಲ್ಲಿ ನೆನೆಯುತ್ತಾ ಬಿದ್ದಿರುತ್ತವೆ. "ಕೊಡೋದನ್ನ ಕೊಟ್ಟು ಎತ್ಕೊಂಡೋಗಿ, ಜಾಗ ಖಾಲಿಯಾದ್ರೆ ಸಾಕು" ಅಂದರು ಅಂಗಡಿಯ ಅಣ್ಣ. ಈಗ ಅದು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಮೊಟ್ಟೆಗೆ ಕಾವು ಕೊಡುತ್ತಿದೆ.

ತಂಪನ್ನು ಒಳಗೇ ಹಿಡಿದಿಡಲು ಮಾಡಿದ ಗೋಡೆ ಬಿಸಿಯನ್ನೂ ಹಾಗೇ ಹಿಡಿದಿಡುತ್ತದೆ. ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿಯಲ್ಲಿ ಅಯಸ್ಕಾಂತ ಇರುವುದರಿಂದ ಬಾಗಿಲು ತಾನೇ ಕಚ್ಚಿಕೊಳ್ಳುತ್ತದೆ. ಒಳಗೆ ತಂತಿಯ ಅಡ್ಡ ತಟ್ಟೆಗಳು ಮೊದಲೇ ಇವೆ. ಹಿಂದುಗಡೆ ನೀರು ಇಳಿಯಲು ಬಿಟ್ಟ ತೂತು ಹೊಸ ಗಾಳಿ ಬರುವ ದಾರಿಯಾಗುತ್ತದೆ. ಇಷ್ಟನ್ನು ಪ್ಲೈವುಡ್ಡಿನಲ್ಲಿ ಹೊಸದಾಗಿ ಮಾಡಿಸಲು ಹೋದರೆ ಕೂಲಿಯೇ ಜಾಸ್ತಿ. ಒಂದು ಎಚ್ಚರಿಕೆ ಮಾತ್ರ ಇಲ್ಲೇ ಹೇಳಿಬಿಡುತ್ತೇನೆ. ಕಂಪ್ರೆಸರ್ ಇನ್ನೂ ಇರುವ ಫ್ರಿಜ್ ಸಿಕ್ಕರೆ ಪೈಪನ್ನು ನೀವೇ ಕತ್ತರಿಸಬೇಡಿ. ಒಳಗೆ ಗ್ಯಾಸ್ ಇರುತ್ತದೆ. ಈಚಿನ ಎಷ್ಟೋ ಫ್ರಿಜ್ಜುಗಳಲ್ಲಿ ಅದು ಬೆಂಕಿ ಹತ್ತುವಂಥ ಗ್ಯಾಸ್. ರಿಪೇರಿ ಮಾಡುವವರನ್ನು ಕರೆಸಿ ತೆಗೆಸಿ.

ಕೋಳಿ ಇರುವಾಗ ಪೆಟ್ಟಿಗೆ ಯಾಕೆ ಅಂತ ತುಂಬ ಜನ ಕೇಳುತ್ತಾರೆ. ನಾಟಿ ಹ್ಯಾಟೆ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. 21 ದಿನ ಕೂತು ಮರಿ ಮಾಡಿ, ಆಮೇಲೆ ಎರಡು ತಿಂಗಳ ಹತ್ತಿರ ಮರಿಗಳನ್ನು ಆಡಿಸಿಕೊಂಡು ಓಡಾಡುತ್ತದೆ. ಅಷ್ಟು ದಿನ ಮೊಟ್ಟೆ ಇಲ್ಲ. ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜನಂಥ ಕೋಳಿ ಮೊಟ್ಟೆ ಚೆನ್ನಾಗಿ ಇಡುತ್ತದೆ, ಆದರೆ ಅದನ್ನು ನಂಬಿ ಮರಿ ಮಾಡಿಸಲು ಆಗುವುದಿಲ್ಲ. ಕಾವಿಗೆ ಕೂರುವ ಗುಣ ಅದರಲ್ಲಿ ಕಳೆದುಹೋಗಿದೆ. ಇನ್ನು ಕೆಲವು ತಿಂಗಳು ಮೊಟ್ಟೆ ರಾಶಿ ಬೀಳುತ್ತದೆ, ಒಂದು ಹ್ಯಾಟೆಯೂ ಕೂರುವ ಲಕ್ಷಣ ತೋರಿಸುವುದಿಲ್ಲ. ಹಿತ್ತಲಲ್ಲಿ ಕೋಳಿ ಸಾಕುವವರಿಗೆಲ್ಲ ಇದು ಗೊತ್ತಿರುವ ಕಷ್ಟ.

ಪೇಟೆಯಲ್ಲಿ ರೆಡಿಮೇಡ್ ಪೆಟ್ಟಿಗೆ ಸಿಗುತ್ತದೆ, ನಿಜ. ಆದರೂ ನಾನು ಗುಜರಿಯನ್ನೇ ಹಿಡಿದೆ. ದುಡ್ಡು ಉಳಿಯಿತು ಅನ್ನುವುದು ಅದರಲ್ಲಿ ಎರಡನೆಯ ಮಾತು. ಮಿಕ್ಸಿ ಕೆಟ್ಟರೆ ನಾಡಿದ್ದು ಪೇಟೆಗೆ ಹೋದಾಗ ಒಯ್ದರಾಯಿತು. ಟಿವಿ ಕೆಟ್ಟರೆ ಒಂದು ವಾರ ನೋಡದಿದ್ದರೂ ನಡೆಯುತ್ತದೆ. ಮೊಟ್ಟೆ ಪೆಟ್ಟಿಗೆ ಹಾಗಲ್ಲ. ಅದು ರಾತ್ರಿ ಎರಡು ಗಂಟೆಗೆ ನಿಂತರೆ ರಾತ್ರಿಯೇ ಸರಿಯಾಗಬೇಕು. ಆ ಹೊತ್ತಿನಲ್ಲಿ ಕಂಪನಿಗೆ ಫೋನ್ ಮಾಡಿ ಪ್ರಯೋಜನ ಇಲ್ಲ. ಅದಕ್ಕೇ ಕಾವು ಪೆಟ್ಟಿಗೆಯಲ್ಲಿ ನಾನು ನೋಡುವ ಮೊದಲ ಗುಣ, ಅದನ್ನು ಮನೆಯವರ ಕೈಯಲ್ಲೇ ಬಿಚ್ಚಿ ಜೋಡಿಸಲು ಆಗುತ್ತದೆಯೇ ಅನ್ನುವುದು. ಕೆಟ್ಟ ಸಾಮಾನಿನಿಂದ ಕಟ್ಟಿದ ಪೆಟ್ಟಿಗೆಯಲ್ಲಿ ಪ್ರತಿ ತುಂಡೂ ನಾವೇ ಒಂದು ಸಲ ಬಿಚ್ಚಿ ತೆಗೆದದ್ದು. ಯಾವ ತಂತಿ ಎಲ್ಲಿಗೆ ಹೋಗುತ್ತದೆ ಅಂತ ಕತ್ತಲಲ್ಲೂ ಗೊತ್ತು. ಅದೇ ಥರದ ಇನ್ನೊಂದು ತುಂಡು ಡಬ್ಬದಲ್ಲಿ ಇದ್ದೇ ಇರುತ್ತದೆ.

ಬಿಸಿಗೆ ಹಳೇ ಕಾಲದ ತಂತಿ ಬಲ್ಬು. ಎಲ್ಇಡಿಯಲ್ಲಿ ಬೇಕಾದಷ್ಟು ಬಿಸಿ ಬರುವುದಿಲ್ಲ. ಎಲ್ಲರೂ ಎಲ್ಇಡಿಗೆ ಹೋದ ಮೇಲೆ ತಂತಿ ಬಲ್ಬು ಅಪರೂಪವಾಗಿದೆ. ಹಳ್ಳಿಯ ಹಳೇ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ, ದೂಳು ಹಿಡಿದ ಮೇಲಿನ ಹಲಗೆಯಲ್ಲಿ ಕೇಳಿದರೆ ಸಿಗುತ್ತದೆ. 100 ವ್ಯಾಟಿನ ಒಂದು ಬಲ್ಬು ಹಾಕುವ ಬದಲು 40 ವ್ಯಾಟಿನ ಎರಡು ಹಾಕಬೇಕು. ಒಂದು ಸುಟ್ಟುಹೋದರೂ ಇನ್ನೊಂದು ಪೆಟ್ಟಿಗೆಯನ್ನು ಪೂರ್ತಿ ಆರಲು ಬಿಡುವುದಿಲ್ಲ. ಬಲ್ಬಿನ ಬೆಳಕೂ ಬಿಸಿಯೂ ನೇರ ಮೊಟ್ಟೆಗೆ ಬೀಳದಂತೆ ಸುತ್ತ ಹಾಲಿನ ಪುಡಿಯ ತಗಡಿನ ಡಬ್ಬ ಕವಿಚಿ, ಅದಕ್ಕೆ ಮೊಳೆಯಲ್ಲಿ ತೂತು ಹೊಡೆದಿದ್ದೇನೆ. ಮೀನಿನ ಥರ್ಮಾಕೋಲ್ ಡಬ್ಬದಲ್ಲಿ ಮಾಡುವವರೂ ಇದ್ದಾರೆ. ಚಿಕ್ಕದಕ್ಕೆ ಅದು ಸಾಕು. ಬಲ್ಬು ಮಾತ್ರ ಥರ್ಮಾಕೋಲಿನಿಂದ ದೂರ ಇರಲೇಬೇಕು. ಅದು ಕರಗುವುದೂ ಬೇಗ, ಹತ್ತಿಕೊಳ್ಳುವುದೂ ಬೇಗ.

ಬಿಸಿ ಗಾಳಿ ಮೇಲೇರಿ ನಿಲ್ಲುತ್ತದೆ, ಕೆಳಗಿನ ತಟ್ಟೆ ತಣ್ಣಗೇ ಇರುತ್ತದೆ. ಅದಕ್ಕೆ ಫ್ಯಾನ್ ಬೇಕು. ಸತ್ತ ಕಂಪ್ಯೂಟರಿನ ಹೊಟ್ಟೆಯಲ್ಲಿರುವ 12 ವೋಲ್ಟಿನ ಸಣ್ಣ ಫ್ಯಾನ್ ಇದಕ್ಕೆ ಹೇಳಿ ಮಾಡಿಸಿದ್ದು. ಕೆಟ್ಟ ವೈಫೈ ರೂಟರಿನ ಅಡಾಪ್ಟರ್ ಅದನ್ನು ಓಡಿಸುತ್ತದೆ. ಬಲ್ಬು ಹತ್ತಿ ಆರುತ್ತಿರಲಿ, ಫ್ಯಾನ್ ಮಾತ್ರ ನಿಲ್ಲದೆ ತಿರುಗುತ್ತಿರಬೇಕು.

ಹೊಸದಾಗಿ ಕೊಂಡದ್ದು ಬಲ್ಬು ಹತ್ತಿಸಿ ಆರಿಸುವ ಕಂಟ್ರೋಲರ್ ಮತ್ತು ಥರ್ಮಾಮೀಟರ್. ಡಬ್ಲ್ಯು1209 ಅಂತ ಒಂದು ಸಣ್ಣ ಬೋರ್ಡ್ ಬರುತ್ತದೆ, ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ಸಿಗುತ್ತದೆ, ಆನ್‌ಲೈನಿನಲ್ಲೂ ಸಿಗುತ್ತದೆ. ಕೊಂಡಾಗ ಅದರಲ್ಲಿ ಹತ್ತುವುದಕ್ಕೂ ಆರುವುದಕ್ಕೂ ನಡುವೆ 2 ಡಿಗ್ರಿ ಅಂತರ ಇಟ್ಟಿರುತ್ತದೆ. ಮೊಟ್ಟೆಗೆ ಅದು ಬಹಳ ಜಾಸ್ತಿ ಆಯಿತು. 0.3ಕ್ಕೆ ಇಳಿಸಬೇಕು. ಇನ್ನೂ ಕಡಿಮೆ ಮಾಡಿದರೆ ರಿಲೇ, ಅಂದರೆ ಬೋರ್ಡಿನಲ್ಲಿ ಬಲ್ಬು ಹತ್ತಿಸಿ ಆರಿಸುವ ಸ್ವಿಚ್ಚು, ಟಕ್ ಟಕ್ ಅನ್ನುತ್ತಲೇ ಇದ್ದು ಬೇಗ ಸವೆಯುತ್ತದೆ. ಬೋರ್ಡಿನ ಹಿಂದೆ 230 ವೋಲ್ಟ್ ಬರಿಮೈಯಲ್ಲಿ ಇರುತ್ತದೆ, ಮುಚ್ಚಿದ ಪ್ಲಾಸ್ಟಿಕ್ ಡಬ್ಬದಲ್ಲೇ ಇಡಿ. ಫ್ರಿಜ್ಜಿನ ತಗಡಿಗೆ ಅರ್ಥಿಂಗ್ ಕೊಡಿ. ಒಳಗೆ ನೀರಿನ ತಟ್ಟೆ ಇಡುವ ಪೆಟ್ಟಿಗೆ ಇದು, ಈ ವಿಷಯದಲ್ಲಿ ಉಳಿತಾಯ ನೋಡಬಾರದು.

ಫ್ಯಾನ್ ಇರುವ ಪೆಟ್ಟಿಗೆಗೆ ಬೇಕಾದ ಬಿಸಿ 37.5 ಡಿಗ್ರಿ. ಬೋರ್ಡು ತೋರಿಸುವ 37.5 ನಿಜವಾದ 37.5 ಹೌದೋ ಅಲ್ಲವೋ ಅಂತ ನೋಡುವುದು ಹೇಗೆ? ಮನೆಯಲ್ಲೇ ಇರುವ ಜ್ವರದ ಥರ್ಮಾಮೀಟರ್ ಸಾಕು. ಅದನ್ನು ಮಾಡಿರುವುದೇ ಇದೇ ಆಸುಪಾಸಿನ ಬಿಸಿ ಅಳೆಯಲು. ಲೋಟದಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು ಬೋರ್ಡಿನ ತಂತಿಯ ತುದಿ, ಥರ್ಮಾಮೀಟರಿನ ತುದಿ ಎರಡನ್ನೂ ಒಟ್ಟಿಗೆ ಮುಳುಗಿಸಿ ಹಿಡಿಯಬೇಕು. ಎರಡರ ನಡುವೆ ವ್ಯತ್ಯಾಸ ಕಂಡರೆ ಬೋರ್ಡಿನಲ್ಲೇ ತಿದ್ದಬಹುದು. ಅರ್ಧ ಡಿಗ್ರಿ ಅಂದರೆ ನಮಗೆ ಏನೂ ಅಲ್ಲ. ಮೊಟ್ಟೆಗೆ ಮೂರು ವಾರ ಉದ್ದಕ್ಕೂ ಅರ್ಧ ಡಿಗ್ರಿ ಕಡಿಮೆಯಾದರೆ ಮರಿ ತಡವಾಗಿ ಬರುತ್ತದೆ, ಸೊರಗಿ ಬರುತ್ತದೆ. ಜಾಸ್ತಿಯಾದರೆ ಇನ್ನೂ ಕೆಟ್ಟದ್ದು.

ಥರ್ಮಾಮೀಟರೇ ಇಲ್ಲದ ಕಾಲದಲ್ಲೂ ಜನ ಇದನ್ನು ಮಾಡಿದ್ದಾರೆ ಅನ್ನುವುದು ನನಗೆ ಬಹಳ ದೊಡ್ಡ ವಿಷಯ. ಈಜಿಪ್ಟಿನಲ್ಲಿ ಸಾವಿರಾರು ವರ್ಷದಿಂದ ಮಣ್ಣಿನ ಇಟ್ಟಿಗೆಯ ಗೂಡುಗಳಲ್ಲಿ ಸಗಣಿ, ಹುಲ್ಲು ಉರಿಸಿ ಸಾವಿರಗಟ್ಟಲೆ ಮೊಟ್ಟೆ ಮರಿ ಮಾಡಿಸುತ್ತಿದ್ದರು. ಕೆಲಸ ಕೆಲವು ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಬರುತ್ತಿತ್ತು. ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಒತ್ತಿ ಬಿಸಿ ಎಷ್ಟಿದೆ ಅಂತ ಹೇಳುತ್ತಿದ್ದರು. ರೆಪ್ಪೆಯ ಚರ್ಮ ಅಷ್ಟು ತೆಳು. ಫ್ರಾನ್ಸಿನ ರೆಯೊಮ್ಯೂರ್ ಎಂಬ ವಿಜ್ಞಾನಿ, ತನ್ನದೇ ಹೆಸರಿನ ಥರ್ಮಾಮೀಟರ್ ಅಳತೆ ಕೊಟ್ಟವನು, ಈ ವಿದ್ಯೆ ತನ್ನ ದೇಶಕ್ಕೂ ಬರಲಿ ಅಂತ ತಿಪ್ಪೆಗೊಬ್ಬರದ ಬಿಸಿಯಲ್ಲಿ ಪ್ರಯೋಗ ಮಾಡಿ 1749ರಲ್ಲಿ ಪುಸ್ತಕ ಬರೆದ. ಬಾಂಗ್ಲಾದೇಶದ ಕಡೆ ಬಿಸಿ ಮಾಡಿದ ಭತ್ತದ ಹೊಟ್ಟಿನಲ್ಲಿ ಬಾತುಕೋಳಿ ಮೊಟ್ಟೆ ಮರಿ ಮಾಡಿಸುವ ಪದ್ಧತಿ ಇದೆ. ಇವರೆಲ್ಲರ ಕೈಯಲ್ಲೂ ಇದ್ದದ್ದು ಊರಲ್ಲಿ ಬಿಟ್ಟಿ ಬಿದ್ದಿದ್ದ ಸಾಮಾನು. ಸಗಣಿ, ಹೊಟ್ಟು, ಮಣ್ಣು. ನಮ್ಮ ಕಾಲಕ್ಕೆ ಹಾಗೆ ಬಿದ್ದಿರುವುದು ಸತ್ತ ಫ್ರಿಜ್ಜು, ಸತ್ತ ಕಂಪ್ಯೂಟರು.

ಪೆಟ್ಟಿಗೆ ಮೊದಲ ಸಲ ಬಿಸಿಯಾದಾಗ ಅವ್ವ ಬಂದು ಬಗ್ಗಿ ನೋಡಿದಳು. ಒಳಗೆ ಕೈ ಇಟ್ಟಳು. ಆಮೇಲೆ ಕೇಳಿದಳು, "ಬಲ್ಪು ಕಾವು ಕೊಡ್ತದೆ, ಸರಿ. ಮಗ್ಗಲು ತಿರುಗ್ಸೋರ್ಯಾರು?"

ಕೋಳಿಯನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ಬರುವ ಪ್ರಶ್ನೆ ಅದು. ಕಾವಿಗೆ ಕೂತ ಹ್ಯಾಟೆ ಸುಮ್ನೆ ಕೂತಿರುವುದಿಲ್ಲ. ಕೊಕ್ಕನ್ನು ಹೊಟ್ಟೆಯ ಕೆಳಗೆ ಹಾಕಿ ಮೊಟ್ಟೆಯನ್ನು ಉರುಳಿಸುತ್ತಲೇ ಇರುತ್ತದೆ, ಹಗಲೂ ರಾತ್ರಿ. ನಡುವಿನದನ್ನು ಅಂಚಿಗೆ, ಅಂಚಿನದನ್ನು ನಡುವಿಗೆ. ಮೊಟ್ಟೆಯನ್ನು ಹಾಗೇ ಬಿಟ್ಟರೆ ಹಳದಿ ಲೋಳೆ ತೇಲಿ ಮೇಲಕ್ಕೆ ಬರುತ್ತದೆ, ಅದರ ಮೇಲಿರುವ ಪಿಂಡ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಅಂಟಿದರೆ ಅಲ್ಲಿಗೆ ಮುಗಿಯಿತು. ಮೊದಲ ವಾರ ಇದು ಎಲ್ಲಕ್ಕಿಂತ ಮುಖ್ಯ. ಇದಕ್ಕೆ ಮೋಟಾರ್ ಹಾಕುತ್ತಾರೆ. ಮೈಕ್ರೋವೇವ್ ಓವನ್ನಿನ ತಟ್ಟೆ ತಿರುಗಿಸುವ ಸಣ್ಣ ಮೋಟಾರ್ ಕೂಡ ಆಗುತ್ತದೆ. ನಾನು ಮೋಟಾರ್ ಹಾಕಲಿಲ್ಲ. ಮೊಟ್ಟೆಯ ದಪ್ಪ ತುದಿ ಮೇಲೆ ಬರುವಂತೆ ಟ್ರೇಯಲ್ಲಿ ಜೋಡಿಸಿ, ಟ್ರೇ ಪೂರ್ತಿ 45 ಡಿಗ್ರಿ ಆ ಕಡೆ ಈ ಕಡೆ ವಾಲುವಂತೆ ನಡುವೆ ಒಂದು ಸರಳು ಕೊಟ್ಟೆ. ಸರಳಿನ ತುದಿ ಫ್ರಿಜ್ಜಿನ ಪಕ್ಕದ ತೂತಿನಿಂದ ಹೊರಗೆ ಬಂದಿದೆ. ಬಾಗಿಲು ತೆಗೆಯದೆ ಹಿಡಿ ತಿರುಗಿಸಿದರಾಯಿತು. ದಿನಕ್ಕೆ ಐದು ಸಲ. ಬೆಸ ಸಂಖ್ಯೆ ಯಾಕೆ ಅಂದರೆ ರಾತ್ರಿಯ ಉದ್ದ ಹೊತ್ತು ದಿನಾ ಒಂದೇ ಮಗ್ಗುಲಿಗೆ ಬರಬಾರದು. ಈ ಹಿಡಿ ತಿರುಗಿಸುವ ಕೆಲಸವನ್ನು ಅವ್ವ ತನ್ನದು ಮಾಡಿಕೊಂಡಿದ್ದಾಳೆ. ಕಾಫಿಗೆ ನೀರಿಡುವ ಮೊದಲು ಒಂದು ಸಲ, ರಾತ್ರಿ ಮಲಗುವ ಮೊದಲು ಕೊನೆಯದು. ಹಾಗೆ ದಿನಕ್ಕೆ ಐದು ಸಲ ಒಬ್ಬರು ಪೆಟ್ಟಿಗೆಯ ಹತ್ತಿರ ಹೋಗುತ್ತಾರೆ ಅಂದರೆ ಐದು ಸಲ ಬಿಸಿಯನ್ನೂ ಫ್ಯಾನಿನ ಸದ್ದನ್ನೂ ಗಮನಿಸಿದಂತೆ. ಮೋಟಾರ್ ಇದ್ದಿದ್ದರೆ ಅದು ತಪ್ಪಿಹೋಗುತ್ತಿತ್ತು.

ಕರೆಂಟಿನ ವಿಷಯಕ್ಕೆ ಬರುತ್ತೇನೆ. ಎಲ್ಲರಿಗೂ ಇರುವ ದೊಡ್ಡ ಹೆದರಿಕೆ ಇದೇ ಅಲ್ವಾ? ಇಲ್ಲೂ ಕೋಳಿಯೇ ಧೈರ್ಯ ಹೇಳುತ್ತದೆ. ಹ್ಯಾಟೆ ದಿನಕ್ಕೊಮ್ಮೆ ಎದ್ದು ಹೋಗಿ ಕಾಳು ತಿಂದು, ನೀರು ಕುಡಿದು, ಮಣ್ಣಲ್ಲಿ ಹೊರಳಾಡಿ ಬರುತ್ತದೆ. ಕಾಲು ಗಂಟೆ, ಇಪ್ಪತ್ತು ನಿಮಿಷ ಮೊಟ್ಟೆ ಆರಿದರೂ ಏನೂ ಆಗುವುದಿಲ್ಲ. ತಣ್ಣಗಾದರೆ ಮರಿಯ ಬೆಳವಣಿಗೆ ನಿಧಾನ ಆಗುತ್ತದೆ. ಬಿಸಿ ಏರಿದರೆ ಮಾತ್ರ ಸಾವು. 40 ದಾಟಿ ಸ್ವಲ್ಪ ಹೊತ್ತು ನಿಂತರೂ ಪೂರ್ತಿ ಪೆಟ್ಟಿಗೆ ಹಾಳಾಗಬಹುದು. ಅದಕ್ಕೆ ನಾನು ಕರೆಂಟ್ ಹೋಗುವುದಕ್ಕಿಂತ ಹೆಚ್ಚು ಯೋಚನೆ ಮಾಡಿದ್ದು ರಿಲೇ ಅಂಟಿಕೊಂಡು ಬಲ್ಬು ಆರದೇ ಉಳಿದುಬಿಟ್ಟರೆ ಏನು ಅಂತ. ಅದೇ ಬೋರ್ಡ್ ಇನ್ನೊಂದು ತಂದು ಮೊದಲನೆಯದರ ಜೊತೆ ಸಾಲಾಗಿ ಜೋಡಿಸಿದ್ದೇನೆ. ಮೊದಲನೆಯದು ಕೈಕೊಟ್ಟರೆ 38.5ಕ್ಕೆ ಎರಡನೆಯದು ಬಲ್ಬನ್ನು ಕಡಿಯುತ್ತದೆ.

ಕರೆಂಟ್ ಹೋದಾಗ ಫ್ರಿಜ್ಜಿನ ಗೋಡೆಯೇ ಅರ್ಧ ಕೆಲಸ ಮಾಡುತ್ತದೆ. ಕೆಳಗಿನ ತಟ್ಟೆಯಲ್ಲಿ ನೀರು ತುಂಬಿದ ಬಾಟಲಿಗಳನ್ನು ಇಟ್ಟಿದ್ದೇನೆ, ಅವು ಬಿಸಿಯನ್ನು ಕುಡಿದು ಇಟ್ಟುಕೊಂಡು ನಿಧಾನ ಬಿಡುತ್ತವೆ. ಹೊತ್ತು ಜಾಸ್ತಿಯಾದರೆ ಹಳೇ ಯುಪಿಎಸ್ಸಿನ 12 ವೋಲ್ಟ್ ಬ್ಯಾಟರಿಗೆ ಕಾರಿನ ಇಂಡಿಕೇಟರ್ ಬಲ್ಬು. ಅದು 21 ವ್ಯಾಟಿನ ತಂತಿ ಬಲ್ಬು, ಬೆಳಕಿಗಿಂತ ಬಿಸಿಯೇ ಹೆಚ್ಚು. ಗ್ಯಾರೇಜಿನಲ್ಲಿ ಗಾಜು ಒಡೆದ ಲೈಟುಗಳ ರಾಶಿಯಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ. ಬ್ಯಾಟರಿ ಗಟ್ಟಿಯಾಗಿದ್ದರೆ ಎರಡು ಮೂರು ಗಂಟೆ ತಳ್ಳಬಹುದು. ಇನ್ನು ಬಿಲ್ಲಿನ ಲೆಕ್ಕ: ಬಲ್ಬುಗಳು ಅರ್ಧ ಹೊತ್ತು ಉರಿಯುತ್ತವೆ ಅಂದುಕೊಂಡರೆ ದಿನಕ್ಕೆ ಒಂದು ಯೂನಿಟ್ ಹತ್ತಿರ, ಒಂದು ಸಲಕ್ಕೆ 21 ಯೂನಿಟ್.

ತೇವದ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ಮೊಟ್ಟೆಯ ಚಿಪ್ಪಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ, ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. 45 ಗ್ರಾಮಿನ ನಾಟಿ ಮೊಟ್ಟೆ 18ನೇ ದಿನಕ್ಕೆ 40 ಗ್ರಾಂ ಆಸುಪಾಸಿಗೆ ಇಳಿಯಬೇಕು. ಇಳಿಯದಿದ್ದರೆ ದಪ್ಪ ತುದಿಯಲ್ಲಿ ಗಾಳಿಯ ಜಾಗ ಸಾಲದೆ ಮರಿ ಒಳಗೇ ಮುಳುಗುತ್ತದೆ. ಜಾಸ್ತಿ ಇಳಿದರೆ ಮರಿ ಒಣಗುತ್ತದೆ. ನಾನು ಒಂದು ಸಾದಾ ಥರ್ಮಾಮೀಟರಿನ ಬುಡಕ್ಕೆ ದೇವರ ದೀಪದ ಹತ್ತಿ ಬತ್ತಿ ಸುತ್ತಿ, ಬತ್ತಿಯ ಇನ್ನೊಂದು ತುದಿಯನ್ನು ನೀರಿನ ಸಣ್ಣ ಶೀಶೆಯಲ್ಲಿ ಇಟ್ಟಿದ್ದೇನೆ. ಒದ್ದೆ ಬತ್ತಿ ಆರುವಾಗ ತಣ್ಣಗಾಗುತ್ತದೆ, ಥರ್ಮಾಮೀಟರ್ ಕೆಳಗಿಳಿಯುತ್ತದೆ. ಗಾಳಿ ಎಷ್ಟು ಒಣ ಇದೆಯೋ ಅಷ್ಟು ಇಳಿಯುತ್ತದೆ. ಮೊದಲ 18 ದಿನ ಅದು 29 ಡಿಗ್ರಿ ತೋರಿಸಿದರೆ ತೇವ ಸರಿಯಾಗಿದೆ, ಕೊನೆಯ ಮೂರು ದಿನ 32ರ ಹತ್ತಿರ ಬರಬೇಕು. ತೇವ ಹೆಚ್ಚಿಸಲು ನೀರಿನ ಆಳ ಹೆಚ್ಚಿಸಿ ಲಾಭ ಇಲ್ಲ, ತಟ್ಟೆ ಅಗಲ ಇರಬೇಕು. ಆಷಾಢದ ಗಾಳಿಯಲ್ಲಿ ಸಣ್ಣ ಬಟ್ಟಲು ಸಾಕಾಗುತ್ತದೆ, ಮಾರ್ಚಿ ಏಪ್ರಿಲ್ಲಿನಲ್ಲಿ ಊಟದ ತಟ್ಟೆಯೇ ಬೇಕಾಗುತ್ತದೆ.

ಏಳನೇ ದಿನ ರಾತ್ರಿ ಬೆಳಕಿಗೆ ಹಿಡಿದು ನೋಡುವ ದಿನ. ಮನೆಯ ದೀಪ ಎಲ್ಲ ಆರಿಸಿ, ರಟ್ಟಿಗೆ ತೂತು ಮಾಡಿ ಅದರ ಹಿಂದೆ ಮೊಬೈಲ್ ಟಾರ್ಚ್ ಇಟ್ಟು, ತೂತಿನ ಮೇಲೆ ಮೊಟ್ಟೆ ನಿಲ್ಲಿಸುತ್ತೇವೆ. ಗೊಡ್ಡು ಮೊಟ್ಟೆ ಪೂರ್ತಿ ಬೆಳ್ಳಗೆ ಹೊಳೆಯುತ್ತದೆ. ಬದುಕಿರುವ ಮೊಟ್ಟೆಯಲ್ಲಿ ಒಂದು ಕಪ್ಪು ಚುಕ್ಕೆ, ಅದರಿಂದ ಎಲ್ಲ ದಿಕ್ಕಿಗೂ ಹೊರಟ ಕೆಂಪು ನರಗಳು. ಕೈ ಅಲುಗಿಸದೆ ಹಿಡಿದು ಉಸಿರು ಬಿಗಿಹಿಡಿದು ನೋಡಿದರೆ ಚುಕ್ಕೆ ಸಣ್ಣಗೆ ತೂಗಾಡುತ್ತದೆ. ಗಾಳಿಯ ಜಾಗದ ಅಂಚು ಬಳೆಯ ತುಂಡಿನಂತೆ ಕಾಣುತ್ತದೆ, ಅದರ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು ದಿನಾಂಕ ಬರೆಯುತ್ತೇವೆ. ಪೆನ್ನು ಬೇಡ, ಶಾಯಿ ರಂಧ್ರಗಳಿಂದ ಒಳಗೆ ಇಳಿಯಬಹುದು. ಕೆಲವು ಮೊಟ್ಟೆಯಲ್ಲಿ ನರಗಳಿಲ್ಲ, ಒಂದು ಕೆಂಪು ಉಂಗುರ ಮಾತ್ರ ಇರುತ್ತದೆ. ಮೊದಲ ದಿನಗಳಲ್ಲೇ ಜೀವ ಹೋಗಿರುವ ಗುರುತು ಅದು. ಅದನ್ನು ಪಕ್ಕಕ್ಕೆ ಎತ್ತಿಡುವಾಗ ಮನಸ್ಸಿಗೆ ಬೇಜಾರು ಆಗುತ್ತದೆ, ಪ್ರತಿ ಸಲವೂ. ಹಾಗೇ ಬಿಟ್ಟರೆ ಅದು ಕೊಳೆತು ಒಡೆದು ಉಳಿದವಕ್ಕೂ ರೋಗ ಹತ್ತಿಸುತ್ತದೆ. ತೆಗೆಯಲೇಬೇಕು.

ಅಂಗಡಿಯ ಬಿಳಿ ಮೊಟ್ಟೆ ಇಟ್ಟರೆ ಮರಿ ಬರುತ್ತದಾ ಅಂತ ಮಕ್ಕಳು ಕೇಳುತ್ತಾರೆ. ಬರುವುದಿಲ್ಲ. ಮೊಟ್ಟೆ ಫಾರಂಗಳಲ್ಲಿ ಹುಂಜ ಇರುವುದಿಲ್ಲ. ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಇರುವ ಮನೆಯ ಮೊಟ್ಟೆ ಬೇಕು, ತೊಳೆಯದ್ದು, ಇಟ್ಟು ಒಂದು ವಾರ ದಾಟದ್ದು.

18ನೇ ದಿನದಿಂದ ಮೊಟ್ಟೆ ತಿರುಗಿಸುವುದು ಬಂದ್. ಬಾಗಿಲೂ ಬಂದ್. ಬಾಗಿಲಿಗೆ ಕೂರಿಸಿದ ಹಳೇ ಫೋಟೋ ಚೌಕಟ್ಟಿನ ಗಾಜಿಗೆ ಈಗ ಕೆಲಸ. ಇಪ್ಪತ್ತನೇ ದಿನದ ಹೊತ್ತಿಗೆ ಮರಿ ಕೊಕ್ಕಿನಿಂದ ಗಾಳಿಯ ಜಾಗದ ಪೊರೆಯನ್ನು ಹರಿದು ಮೊದಲ ಸಲ ಉಸಿರೆಳೆಯುತ್ತದೆ. ಆಗ ಚಿಪ್ಪು ಒಡೆಯುವ ಮೊದಲೇ ಒಳಗಿಂದ ಚಿಂವ್ ಚಿಂವ್ ಕೇಳಿಸುತ್ತದೆ. ಆಮೇಲೆ ಚಿಪ್ಪಿನ ಮೇಲೆ ಒಂದು ನಕ್ಷತ್ರದ ಆಕಾರದ ಬಿರುಕು. ಅಲ್ಲಿಂದ ಗಂಟೆಗಟ್ಟಲೆ ಏನೂ ನಡೆಯುವುದಿಲ್ಲ, ಕೆಲವೊಮ್ಮೆ ಪೂರ್ತಿ ಒಂದು ದಿನ. ನೋಡುವವರಿಗೆ ತಡೆಯಲು ಆಗುವುದಿಲ್ಲ, ಬಾಗಿಲು ತೆಗೆದು ಚಿಪ್ಪು ಬಿಡಿಸಿಬಿಡೋಣ ಅನ್ನಿಸುತ್ತದೆ. ಬಿಡಿಸಬಾರದು. ಆ ಹೊತ್ತಿನಲ್ಲಿ ಮರಿ ಒಳಪೊರೆಯ ನರಗಳಲ್ಲಿ ಉಳಿದ ರಕ್ತವನ್ನು ಎಳೆದುಕೊಳ್ಳುತ್ತಿರುತ್ತದೆ, ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಸೇರಿಸಿಕೊಳ್ಳುತ್ತಿರುತ್ತದೆ. ಆ ಹಳದಿಯ ಬಲದಲ್ಲೇ ಹುಟ್ಟಿದ ಮೇಲೆ ಎರಡು ದಿನ ಕಾಳು ನೀರು ಇಲ್ಲದಿದ್ದರೂ ಅದು ಬದುಕುತ್ತದೆ. ಬಾಗಿಲು ತೆಗೆದರೆ ತೇವ ಹೋಗಿ ಪೊರೆ ಒಣಗಿ ಮರಿಯ ಮೈಗೆ ಬಿಗಿದುಕೊಳ್ಳುತ್ತದೆ. ಒಂದಕ್ಕೆ ಸಹಾಯ ಮಾಡಲು ಹೋಗಿ ನಾಲ್ಕು ಕಳೆದುಕೊಳ್ಳುವುದು ಹೀಗೇ.

ಇಷ್ಟು ಮಾಡಿಯೂ ಪೆಟ್ಟಿಗೆ ಕೊಡಲಾಗದ್ದು ಒಂದಿದೆ. ತಾಯಿಯ ಹಿಂದೆ ಬೆಳೆದ ಮರಿ ಹದ್ದಿನ ನೆರಳು ಬಿದ್ದರೆ ಸಾಕು, ತಾಯಿಯ ಒಂದು ಕೂಗಿಗೆ ಬೇಲಿಯ ಬುಡ ಸೇರುತ್ತದೆ. ಎಲ್ಲಿ ಕೆದಕಬೇಕು, ಯಾವುದನ್ನು ತಿನ್ನಬೇಕು ಎಲ್ಲ ಅವಳು ತೋರಿಸುತ್ತಾಳೆ. ಬಲ್ಬಿನ ಕೆಳಗೆ ಬೆಳೆದ ಮರಿಯನ್ನು ಹಿತ್ತಲಿಗೆ ಬಿಟ್ಟರೆ ಕಾಗೆ, ಮುಂಗುಸಿಗೆ ಸುಲಭದ ತುತ್ತು. ಅದಕ್ಕೆ ಈಗ ನಮ್ಮ ಮನೆಯಲ್ಲಿ ಪೆಟ್ಟಿಗೆಯೂ ಹ್ಯಾಟೆಯೂ ಒಟ್ಟಿಗೆ ಕೂರುತ್ತವೆ. ಹ್ಯಾಟೆ ಮಂಕರಿಯಲ್ಲಿ ಕಾವಿಗೆ ಕೂತ ದಿನವೇ ಪೆಟ್ಟಿಗೆಗೂ ಮೊಟ್ಟೆ ತುಂಬುತ್ತೇವೆ. ಗುಡುಗು ಬಡಿಯದಿರಲಿ ಅಂತ ಅವ್ವ ಮಂಕರಿಯಲ್ಲಿ ಇದ್ದಿಲು, ಕಬ್ಬಿಣದ ತುಂಡು ಇಡುತ್ತಾಳೆ. ಪೆಟ್ಟಿಗೆಯ ಮೇಲೂ ಒಂದು ಮೊಳೆ ಇಟ್ಟಿದ್ದಾಳೆ, ನಾನು ತೆಗೆದಿಲ್ಲ. ಎರಡೂ ಕಡೆ ಒಂದೇ ದಿನ ಒಡೆದರೆ, ರಾತ್ರಿ ಕತ್ತಲಲ್ಲಿ ಪೆಟ್ಟಿಗೆಯ ಮರಿಗಳನ್ನು ಒಂದೊಂದಾಗಿ ಹ್ಯಾಟೆಯ ರೆಕ್ಕೆಯ ಕೆಳಗೆ ತಳ್ಳುವುದು. ಬೆಳಿಗ್ಗೆ ಅವಳು ಎಲ್ಲವನ್ನೂ ತನ್ನವೇ ಅಂತ ಕರೆದುಕೊಂಡು ಹೊರಡುತ್ತಾಳೆ. ರೆಕ್ಕೆಯಡಿ ಹಿಡಿಸದಷ್ಟು ಇದ್ದರೆ ಉಳಿದವು ಬಲ್ಬಿನ ಕೆಳಗೆ. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತಾ ಹೋಗುವುದು. ಎಲ್ಲಿ ಬೆಳೆದರೂ ಮೊದಲ ವಾರದಲ್ಲೇ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕಿಸಲೇಬೇಕು. ಆ ರೋಗ ಬಂದರೆ ಕೇರಿಯ ಕೋಳಿಯೆಲ್ಲ ಖಾಲಿ.

ಮೊನ್ನೆಯಿಂದ ಕರಿ ಹ್ಯಾಟೆ ಗೂಡು ಬಿಟ್ಟು ಏಳುತ್ತಿಲ್ಲ, ಹತ್ತಿರ ಹೋದರೆ ಗುರ್ ಅಂತ ಪುಕ್ಕ ಉಬ್ಬಿಸುತ್ತದೆ. ಪಕ್ಕದ ಮನೆಯ ಚಿಕ್ಕಮ್ಮನೂ ಮೊಟ್ಟೆ ತಂದುಕೊಟ್ಟಿದ್ದಾರೆ. ಅವರದಕ್ಕೆ ಪೆನ್ಸಿಲಿನಲ್ಲಿ ಗುಂಡು ಗುರುತು, ನಮ್ಮದಕ್ಕೆ ಅಡ್ಡ ಗೆರೆ. ಸೋಮವಾರ ಸಂಜೆ ತುಂಬುತ್ತೇವೆ. ಅಷ್ಟರಲ್ಲಿ ಒಂದು 40ರ ಬಲ್ಬು ಹುಡುಕಿ ಡಬ್ಬಕ್ಕೆ ಹಾಕಿಡಬೇಕು, ಇದ್ದ ಹೆಚ್ಚಿನದು ಹೋದ ಸಲ ಖರ್ಚಾಯಿತು.